ಒಂದೇ ಕನೆಕ್ಷನ್ ಎಂಬ ಸುಳ್ಳು ಉಳಿತಾಯ

"ಡಿಪೆಂಡೆನ್ಸಿ ಇಂಜೆಕ್ಷನ್ ಹಾಕೀವ್ರಿ ಸರ್. ಇಡೀ ಅಪ್ಲಿಕೇಶನ್‌ಗೆ ಡೇಟಾಬೇಸ್ ಕನೆಕ್ಷನ್ ಒಂದೇ. ಅದಕ್ಕೇ ಫಾಸ್ಟ್ ಐತಿ." ಪ್ರಾಜೆಕ್ಟ್ ತೋರಿಸುವವರು ಈ ಮಾತನ್ನು ಎದೆಯುಬ್ಬಿಸಿ ಹೇಳುವಾಗೆಲ್ಲ ನಾನು ಹಲ್ಲು ಕಚ್ಚಿಕೊಂಡು ಕೂರುತ್ತೇನೆ. ಮೊದಲ ವಾಕ್ಯ ಸರಿ: ಕ್ಲಾಸಿಗೆ ಬೇಕಾದದ್ದನ್ನು ಹೊರಗಿನಿಂದ ಕೊಡುವ ಪದ್ಧತಿ ಅದು. ಎರಡನೆಯದು ಅನಾಹುತ. ಮೂರನೆಯದು ಯಾರೂ ಅಳೆದು ನೋಡದ ಮಾತು.

ತೇರಗಾಂವ, ಹಳಿಯಾಳದ ಕಡೆಯ ಹುಡುಗರು ವೆಬ್ ಅಪ್ಲಿಕೇಶನ್ ಬರೆಯಲು ಈಗ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಹಳಿಯಾಳದಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ದಾಂಡೇಲಿ, ಗಣೇಶಗುಡಿ, ಜೋಯಿಡಾ ಕಡೆ ಹೋಮ್‌ಸ್ಟೇಗಳಿಗೂ ಕಾಳಿ ನದಿಯ ರಾಫ್ಟಿಂಗಿಗೂ ಬುಕಿಂಗ್ ಬೇಕೇ ಬೇಕು. ಹಾಗಾಗಿ ಒಂದು ಹೋಮ್‌ಸ್ಟೇಯ ಬುಕಿಂಗ್ ಅಪ್ಲಿಕೇಶನ್ನನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ನೋಡ್ ಜೆಎಸ್‌ನಲ್ಲಿ ಬರೆದದ್ದು, ಡೇಟಾಬೇಸ್ ಮೈಎಸ್‌ಕ್ಯೂಎಲ್. ಅಪ್ಲಿಕೇಶನ್ ಶುರುವಾದಾಗ ಒಂದು ಕನೆಕ್ಷನ್ ತೆರೆದು, ಅದನ್ನೇ ಎಲ್ಲ ಕ್ಲಾಸುಗಳಿಗೂ ಇಂಜೆಕ್ಟ್ ಮಾಡಿದ್ದಾರೆ.

ಶನಿವಾರಕ್ಕೆ ರೂಮು ಬೇಕೆಂದು ಹುಬ್ಬಳ್ಳಿಯಿಂದ ಒಬ್ಬರು ಬುಕ್ ಮಾಡುತ್ತಾರೆ. ಟ್ರಾನ್ಸಾಕ್ಷನ್ ಶುರು, ರೂಮಿನ ಸಾಲು ಸೇರಿತು, ಹಣದ ಉತ್ತರ ಇನ್ನೂ ಬಂದಿಲ್ಲ. ಆ ಗಳಿಗೆಯಲ್ಲೇ ಬೆಳಗಾವಿಯಿಂದ ಇನ್ನೊಬ್ಬರು ರಾಫ್ಟಿಂಗಿಗೆ ಹೆಸರು ಕೊಡುತ್ತಾರೆ. ಕನೆಕ್ಷನ್ ಒಂದೇ ಆದ್ದರಿಂದ ಅವರ ಸಾಲು ಹುಬ್ಬಳ್ಳಿಯವರ ಟ್ರಾನ್ಸಾಕ್ಷನ್ ಒಳಗೇ ಬಿತ್ತು. ಬೆಳಗಾವಿಯವರಿಗೆ "ನಿಮ್ಮ ಬುಕಿಂಗ್ ಆಗಿದೆ" ಎಂಬ ಸಂದೇಶವೂ ಹೋಯಿತು. ಅಷ್ಟರಲ್ಲಿ ಹುಬ್ಬಳ್ಳಿಯವರ ಹಣ ಪಾವತಿ ವಿಫಲವಾಗಿ ರೋಲ್‌ಬ್ಯಾಕ್ ಆಯಿತು. ಅವರ ರೂಮಿನ ಜೊತೆ ಇವರ ರಾಫ್ಟಿಂಗೂ ಅಳಿಸಿಹೋಯಿತು. ಯಾವ ಲಾಗ್‌ನಲ್ಲೂ ಎರರ್ ಇಲ್ಲ. ಮೊಬೈಲಿನಲ್ಲಿ ಸಂದೇಶ ಹಿಡಿದುಕೊಂಡು ಅವರು ಗಣೇಶಗುಡಿಗೆ ಬಂದು ನಿಂತಾಗಲೇ ವಿಷಯ ಗೊತ್ತಾಗುವುದು.

ಬೆಳಗಾವಿಯವರ ಕೆಲಸಕ್ಕೂ ಬೇರೆ ಟ್ರಾನ್ಸಾಕ್ಷನ್ ಶುರು ಮಾಡಿದ್ದರೆ? ಇನ್ನೂ ಕೆಟ್ಟದ್ದು. ಒಂದು ಕನೆಕ್ಷನ್ ಮೇಲೆ ಎರಡನೇ ಟ್ರಾನ್ಸಾಕ್ಷನ್ ಶುರು ಮಾಡಿದರೆ ಮೈಎಸ್‌ಕ್ಯೂಎಲ್ ಮೊದಲನೆಯದನ್ನು ತಾನಾಗಿಯೇ ಕಮಿಟ್ ಮಾಡಿಬಿಡುತ್ತದೆ. ಅಂದರೆ ಹಣ ಬಾರದಿದ್ದರೂ ರೂಮು ಖಾಯಂ; ಆಮೇಲೆ ಬರುವ ರೋಲ್‌ಬ್ಯಾಕ್ ಏಟು ಬೀಳುವುದು ಬೆಳಗಾವಿಯವರ ಮೇಲೆ.

ಮುಗಿಯಲಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಕೆಲಸವಿಲ್ಲದೆ ಕೂತ ಕನೆಕ್ಷನ್ನಿಗೆ ಡಿಫಾಲ್ಟ್ ಗಡುವು 28,800 ಸೆಕೆಂಡು, ಅಂದರೆ 8 ತಾಸು. ರಾತ್ರಿ 10ಕ್ಕೆ ಕೊನೆಯ ಬುಕಿಂಗ್ ಬಂದು, ಬೆಳಿಗ್ಗೆ 7ರವರೆಗೆ ಯಾರೂ ಬಾರದಿದ್ದರೆ ಸರ್ವರ್ ಆ ಕನೆಕ್ಷನ್ ಮುಚ್ಚಿರುತ್ತದೆ. ಬೆಳಿಗ್ಗೆ ಬಂದ ಮೊದಲ ಗಿರಾಕಿಗೆ ಎರರ್. ಇದಕ್ಕೆ ಕಂಡುಕೊಂಡ ಮದ್ದು ಏನು ಗೊತ್ತೇ? ದಿನಾ ಬೆಳಿಗ್ಗೆ 6ಕ್ಕೆ ಅಪ್ಲಿಕೇಶನ್ ರೀಸ್ಟಾರ್ಟ್! ಯಾಕೆ ಎಂದು ಕೇಳಿದರೆ "ನೆಟ್‌ವರ್ಕ್ ಪ್ರಾಬ್ಲಮ್".

ಸಿಂಗಲ್‌ಟನ್, ಅಂದರೆ ಇಡೀ ಅಪ್ಲಿಕೇಶನ್ನಿಗೆ ಒಂದೇ ಆಗಬೇಕಾದದ್ದು ಕನೆಕ್ಷನ್ ಅಲ್ಲ, ಕನೆಕ್ಷನ್ ಪೂಲ್. ಪೂಲ್ ಕೆಲವು ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು, ಕೇಳಿದವರಿಗೆ ಒಂದನ್ನು ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆಯುತ್ತದೆ. ಉಳಿತಾಯ ಆಗಬೇಕಾದ ಜಾಗ ಅದೇ. ಜಾವಾದವರ ಹಿಕಾರಿಸಿಪಿ ಎಂಬ ಪೂಲ್‌ನಲ್ಲಿ ಡಿಫಾಲ್ಟ್ ಗರಿಷ್ಠ 10 ಕನೆಕ್ಷನ್. ಒಂದು ಕ್ವೆರಿಗೆ 20 ಮಿಲಿಸೆಕೆಂಡು ಹಿಡಿದರೆ ಹತ್ತು ಕನೆಕ್ಷನ್‌ಗಳಿಂದ ಸೆಕೆಂಡಿಗೆ 500 ಕ್ವೆರಿ. ಹೋಮ್‌ಸ್ಟೇಗೆ ಇದಕ್ಕಿಂತ ಹೆಚ್ಚು ಯಾಕೆ ಬೇಕು? ಇದನ್ನು ಕೇಳಿ ಕೆಲವರು ಇನ್ನೊಂದು ದಡಕ್ಕೆ ಹಾರಿ, ಪ್ರತಿ ರಿಕ್ವೆಸ್ಟಿಗೂ ಹೊಸ ಪೂಲನ್ನೇ ಸೃಷ್ಟಿಸುತ್ತಾರೆ. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಮಿತಿ 100 ಕನೆಕ್ಷನ್, ಒಂದೊಂದಕ್ಕೂ ಒಂದೊಂದು ಪ್ರೊಸೆಸ್. ಅದು ಎಷ್ಟು ಹೊತ್ತು ತಡೆದೀತು?

ಡಾಟ್‌ನೆಟ್‌ನವರೇನೂ ಪಾರಾಗಿಲ್ಲ. ಎಂಟಿಟಿ ಫ್ರೇಮ್‌ವರ್ಕ್ ಕೋರ್ ಡೇಟಾಬೇಸ್ ಜೊತೆ ವ್ಯವಹರಿಸುವ ತನ್ನ ಡಿಬಿ‌ಕಾಂಟೆಕ್ಸ್ಟನ್ನು ಡಿಫಾಲ್ಟ್ ಆಗಿ ಸ್ಕೋಪ್ಡ್ ಎಂದೇ ನೋಂದಾಯಿಸುತ್ತದೆ: ಒಂದು ರಿಕ್ವೆಸ್ಟಿಗೆ ಒಂದು. ಅದನ್ನು ಯಾರೋ ಸಿಂಗಲ್‌ಟನ್ ಮಾಡುತ್ತಾರೆ. ಇಲ್ಲವೇ ಸಿಂಗಲ್‌ಟನ್ ಸರ್ವೀಸಿನ ಕನ್‌ಸ್ಟ್ರಕ್ಟರಿಗೆ ಕೊಟ್ಟು ಅಲ್ಲೇ ಕೂಡಿಹಾಕುತ್ತಾರೆ. ಡೆವಲಪ್‌ಮೆಂಟ್ ಹಂತದಲ್ಲಿ ಫ್ರೇಮ್‌ವರ್ಕ್ ಈ ಎರಡನೇ ತಪ್ಪನ್ನು ಕೆಂಪಕ್ಷರದಲ್ಲಿ ತೋರಿಸುತ್ತದೆ. ಆದರೆ ನಮ್ಮವರು ಎರರನ್ನು ಓದುವುದಿಲ್ಲ, ಅದು ಕಾಣದಂತೆ ಮಾಡುವ ಕೋಡನ್ನು ಹುಡುಕುತ್ತಾರೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಡಿಪೆಂಡೆನ್ಸಿ ಇಂಜೆಕ್ಷನ್ ಇದ್ದರೆ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿ ತಾಗದು ಎನ್ನುವವರಿದ್ದಾರೆ. ಎರಡಕ್ಕೂ ಸಂಬಂಧವಿಲ್ಲ, ಅದನ್ನು ತಡೆಯುವುದು ಪ್ಯಾರಾಮೀಟರ್ ಇಟ್ಟು ಬರೆದ ಕ್ವೆರಿ. ಸ್ಪ್ರಿಂಗ್‌ನಂಥ ಕಂಟೇನರ್ ಇಲ್ಲದೆ ಡಿಪೆಂಡೆನ್ಸಿ ಇಂಜೆಕ್ಷನ್ ಸಾಧ್ಯವಿಲ್ಲವೆಂಬುದೂ ಸುಳ್ಳು; ಕ್ಲಾಸಿಗೆ ಬೇಕಾದದ್ದನ್ನು ಕನ್‌ಸ್ಟ್ರಕ್ಟರ್ ಮೂಲಕ ಹೊರಗಿನಿಂದ ಕೊಟ್ಟರೆ ಕೆಲಸ ಮುಗಿಯಿತು. ಮಾರ್ಟಿನ್ ಫೌಲರ್ 2004ರ ಜನವರಿಯಲ್ಲಿ ಈ ವಿಷಯ ಬರೆದಾಗಲೇ ಮಾದರಿ ಬೇರೆ, ಕಂಟೇನರ್ ಬೇರೆ ಎಂಬುದು ಸ್ಪಷ್ಟವಿತ್ತು. ನಾಳೆ ಒಂದೇ ಸಾಲು ಬದಲಿಸಿ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುತ್ತೇವೆ ಎನ್ನುವವರ ಕ್ವೆರಿಗಳೇ ಅವರನ್ನು ಬಿಡುವುದಿಲ್ಲ. ಇನ್ನು ನಕಲಿ ರೆಪಾಸಿಟರಿ ಇಟ್ಟು ಟೆಸ್ಟ್ ಪಾಸಾಯಿತೆಂದರೆ ಎಸ್‌ಕ್ಯೂಎಲ್ ಸರಿ ಇದೆ ಎಂದರ್ಥವಲ್ಲ. ಆ ಟೆಸ್ಟ್ ಡೇಟಾಬೇಸನ್ನು ಮುಟ್ಟಿಯೇ ಇಲ್ಲ.

ಆಯುಧಪೂಜೆಯ ದಿನ ಸರ್ವರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವುದರ ಬಗ್ಗೆ ನನ್ನ ತಕರಾರಿಲ್ಲ. ಅದು ಪೂಜೆ ಎಂದು ಮಾಡುವವರಿಗೂ ಗೊತ್ತು. ಉಳಿದ 364 ದಿನ ವಿಡಿಯೋದಲ್ಲಿ ಯಾರೋ ಹೇಳಿದ ಮಾತನ್ನು ಮಂತ್ರ ಮಾಡಿಕೊಂಡು ಅದಕ್ಕೆ ಇಂಜಿನಿಯರಿಂಗ್ ಎಂದು ಹೆಸರಿಡುವುದು ನನ್ನಿಂದ ಸಹಿಸಲಾಗದು. ಇಂಟರ್‌ವ್ಯೂನಲ್ಲಿ ವ್ಯಾಖ್ಯೆ ಒಪ್ಪಿಸಿದರೆ ನೌಕರಿ, ಕೋಡ್ ಓಡಿದರೆ ಮಾರ್ಕ್ಸು. ಹೀಗಿರುವಾಗ ಹೇಳಿದ್ದನ್ನು ಪರೀಕ್ಷಿಸಿ ನೋಡುವ ಉಸಾಬರಿ ಯಾರಿಗೆ ಬೇಕಾಗಿದೆ? ಒಬ್ಬನೇ ಕೂತು, ಒಂದೇ ಬ್ರೌಸರಿನಲ್ಲಿ ಒತ್ತಿ ನೋಡಿದರೆ ಎಂಥ ತಪ್ಪು ಕೋಡೂ ಸರಿಯಾಗೇ ಕಾಣುತ್ತದೆ.

ಡಿಪೆಂಡೆನ್ಸಿ ಇಂಜೆಕ್ಷನ್ ವಸ್ತುವನ್ನು ತಂದುಕೊಡುತ್ತದೆ, ಅಷ್ಟೇ. ಅದು ಎಷ್ಟು ಹೊತ್ತು ಬದುಕಬೇಕು, ಎಷ್ಟು ಜನರ ಕೈಯಲ್ಲಿರಬೇಕು ಎಂಬುದನ್ನು ಬರೆಯುವವರೇ ತೀರ್ಮಾನಿಸಬೇಕು. ಪೂಲ್ ಇಡೀ ಅಪ್ಲಿಕೇಶನ್ನಿಗೆ ಒಂದು. ಟ್ರಾನ್ಸಾಕ್ಷನ್ ಮುಗಿಯುವವರೆಗೆ ಕನೆಕ್ಷನ್ ಒಬ್ಬರಿಗೇ. ಮಾಲೀಕರಿಗೆ ಒಪ್ಪಿಸುವ ಮುಂಚೆ ಎರಡು ಮೊಬೈಲಿನಿಂದ ಒಟ್ಟಿಗೇ ಬುಕ್ ಮಾಡಿ, ಒಂದರ ಪಾವತಿಯನ್ನು ಬೇಕೆಂದೇ ಕೆಡಿಸಿ, ಇನ್ನೊಂದರ ಸಾಲು ಟೇಬಲ್ಲಿನಲ್ಲಿ ಉಳಿದಿದೆಯೇ ನೋಡಿ. ಉಳಿದಿದ್ದರೆ ಮಾತ್ರ ಒಪ್ಪಿಸಿ.