ಮುಂದಿನ ಗಾಲಿಯ ‘ಕಟ ಕಟ’: ಮನೆಯಲ್ಲೇ ಆಕ್ಸಲ್ ಬಿಚ್ಚುವ ಬಗೆ

ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಗಾಲಿಯಿಂದ ‘ಕಟ ಕಟ’ ಸದ್ದು ಬರ್ತಿದೆಯಾ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆ ಹೊಲದ ದಾರೀಲಿ ಓಡಾಡೋ ಕಾರಾದರೆ, ಮೊದಲು ಆಕ್ಸಲ್ಲಿನ ರಬ್ಬರ್ ಬೂಟ್ ನೋಡಿ. ಅದು ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ. ಬೂಟಿನೊಳಗಿನ ಜಾಯಿಂಟ್ ಸವೀತದೆ.

ಅಂಬಾಸಿಡರ್ ಹಿಂದಿನ ಗಾಲಿಯಿಂದ ಓಡ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಳೆಯೋದೂ ತಿರುಗೋದೂ ಮುಂದಿನ ಗಾಲಿಯೇ. ಜಾಯಿಂಟಿಗೆ ಅಷ್ಟು ದುಡಿಮೆ.

ಆಕ್ಸಲ್ ಬಿಚ್ಚೋಕೆ, ಗಾಲಿ ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ ಸಡಿಲಿಸಿ. ಅದರ ಅಂಚನ್ನು ಒಳಕ್ಕೆ ಬಡಿದಿದ್ದರೆ ಮೊದಲು ಉಳಿಯಿಂದ ಎತ್ತಿ. ಒಬ್ಬರು ಬ್ರೇಕ್ ತುಳಿದಿರಲಿ, ಪಾನಾಗೆ ಉದ್ದ ಪೈಪ್ ಹಾಕಿ.

ಆಮೇಲೆ ಜಾಕಿ. ಎರೆಮಣ್ಣಿನಲ್ಲಿ ಜಾಕಿ ಕುಸೀತದೆ. ಹಡಗಲಿ ಕಡೆಯವರಿಗೆ ಇದು ಗೊತ್ತು. ಗಟ್ಟಿ ನೆಲದಲ್ಲೇ ನಿಲ್ಲಿಸಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಕಾರಿನಡಿ ಹೋಗಲೇಬೇಡಿ. ದಯವಿಟ್ಟು.

ಗಾಲಿ, ಸಡಿಲಿಸಿದ ನಟ್ ತೆಗೆದು ಗೇರ್ ಆಯಿಲ್ ಇಳಿಸಿ. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ ಹೊರಕ್ಕೆ ಎಳೆದರೆ ಆಕ್ಸಲ್ ತುದಿ ಜಾರಿ ಬರ್ತದೆ. ಬ್ರೇಕ್ ಪೈಪ್ ಜಗ್ಗದಂತೆ ನೋಡ್ಕೊಳ್ಳಿ. ಬಿಗಿಯಾಗಿದ್ದರೆ ಮರದ ಸುತ್ತಿಗೆಯಿಂದ ತಟ್ಟಿ, ಕಬ್ಬಿಣದ್ದು ಬೇಡ, ಥ್ರೆಡ್ ಹಾಳಾಗ್ತದೆ.

ಈಗ ಶಾಫ್ಟ್ ಹಿಡಿದು ಜಗ್ಗಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ತದೆ. ಗೇರ್‌ಬಾಕ್ಸ್ ಪಕ್ಕದಲ್ಲಿ ಲಿವರ್ ಇಟ್ಟು ಮೀಟಿ. ಆಯಿಲ್ ಸೀಲಿಗೆ ಗೀರು ಬೀಳಬಾರದು.

ಒಂದು ಬದಿ ಮುಗಿಸಿಯೇ ಇನ್ನೊಂದು ಬಿಚ್ಚಿ. ಎರಡೂ ಒಟ್ಟಿಗೆ ತೆಗೆದರೆ ಕೆಲವು ಗೇರ್‌ಬಾಕ್ಸಿನಲ್ಲಿ ಒಳಗಿನ ಗೇರು ಜಾರ್ತದೆ. ಜೋಡಿಸುವಾಗ ಹೊಸ ನಟ್ ಹಾಕಿ, ಸರ್ವಿಸ್ ಪುಸ್ತಕ ಹೇಳಿದಷ್ಟೇ ಬಿಗಿ ಮಾಡಿ. ಆಕ್ಸಲ್ ಇಲ್ಲದೆ ಕಾರು ತಳ್ಳಬೇಡಿ, ಗಾಲಿಯ ಬೇರಿಂಗ್ ಹೋಗ್ತದೆ.