ಅವ್ವನ ಮೊಣಕಾಲು, ಟವೆಲ್ ಸುರುಳಿ

ಧಾರವಾಡದಿಂದ ಪುಣೆಗೆ ಬಂದ ದಿನ ಅವ್ವ ನಮ್ಮ ಮೂರನೇ ಮಹಡಿ ಹತ್ತಲು ನಾಲ್ಕು ಕಡೆ ನಿಂತಳು. ಲಿಫ್ಟ್ ಇಲ್ಲದ ಹಳೇ ಕಟ್ಟಡ. ಮೊಣಕಾಲಿನ ಸಂಧಿವಾತ, ಜೊತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆಯ ಜೊತೆ ವ್ಯಾಯಾಮವನ್ನೂ ಬರೆದುಕೊಟ್ಟರು. ಅವ್ವನಿಗೆ ಸಿಟ್ಟು: "ಸವದ ಕಾಲು ಇನ್ನಷ್ಟು ಸವಸು ಅಂತಾರಲ್ಲೋ, ಇವ್ರೆಂಥಾ ಡಾಕ್ಟ್ರು?"

ನನಗೂ ಹಾಗೇ ಅನಿಸಿತ್ತು. ಸವೆದ ಬೇರಿಂಗ್ ತಿರುಗಿಸಬಾರದು ಎಂಬ ಇಂಜಿನಿಯರ್ ಬುದ್ಧಿ ನನ್ನದು. ಕೀಲು ಬೇರಿಂಗ್ ಅಲ್ಲ ಎಂದು ಫಿಸಿಯೋಥೆರಪಿಸ್ಟ್ ತಿಳಿಸಿ ಹೇಳಿದರು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ; ಕಾಲು ಆಡಿದಾಗ ಕೀಲಿನ ದ್ರವವೇ ಅದಕ್ಕೆ ಆಹಾರ ಮುಟ್ಟಿಸುತ್ತದೆ. ತೊಡೆಯ ಸ್ನಾಯು ಬಲಿತರೆ ಮೊಣಕಾಲಿಗೆ ಆಸರೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನೂ ಎಳೆದುಕೊಳ್ಳುತ್ತದೆ.

ಮೊಣಕಾಲ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು, ಐದು ಎಣಿಸಿ ಬಿಡುವುದು, ಹತ್ತು ಸಲ. ಮೊದಲ ವಾರ ನೋವು ಹೆಚ್ಚಾಯಿತು, ಮನೆಯಲ್ಲಿ ಜಗಳವೂ. ಫಿಸಿಯೋಥೆರಪಿಸ್ಟ್ ಎಣಿಕೆ ಇಳಿಸಿದರು, ನಿಲ್ಲಿಸಲು ಬಿಡಲಿಲ್ಲ. ಆಮೇಲೆ ಕೈಯೂರದೆ ಕುರ್ಚಿಯಿಂದ ಏಳುವುದು, ಊಟದ ನಂತರ ಸೊಸೈಟಿಯೊಳಗೆ ನಡಿಗೆ. ಮರಾಠಿ ಬಾರದ ಅವ್ವನಿಗೆ ಅಲ್ಲೇ ಇಬ್ಬರು ಗೆಳತಿಯರು ಸಿಕ್ಕರು. (ಯಾವ ಭಾಷೆಯಲ್ಲಿ ಮಾತಾಡುತ್ತಾರೋ, ನನಗಿನ್ನೂ ಗೊತ್ತಾಗಿಲ್ಲ.)

65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆಯ ಜೊತೆ ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀಳುವುದನ್ನು ತಪ್ಪಿಸಲು.

ನಾಲ್ಕು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಹೋದ ಭಾನುವಾರ ಪರ್ವತಿ ಗುಡ್ಡದ ಮೆಟ್ಟಿಲನ್ನು ಇಬ್ಬರೂ ಹತ್ತಿದೆವು. ನಡುವೆ ಅವ್ವ ಕೂತಳು, ನಾನೂ ಏದುಸಿರಿಡುತ್ತ ಕೂತೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವನನ್ನು ನೋಡಿ ಅವಳೇ ಕೇಳಿದಳು: "ನಿನಗೂ ಒಂದು ಟವೆಲ್ ಸುತ್ತಿ ಕೊಡ್ಲೇನು?"