ದೊಡ್ಡಬೆಟ್ಟದ ಏರು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕಲ್ಯಾಣಿಯ ಎರಡು ಬದಿಗೆ ನಿಂತ ಬೆಟ್ಟಗಳನ್ನು ಗ್ರಂಥಗಳು ವಿಂಧ್ಯಗಿರಿ, ಚಂದ್ರಗಿರಿ ಎಂದು ಕರೆದರೂ ಊರವರ ಬಾಯಲ್ಲಿ ಅವು ದೊಡ್ಡಬೆಟ್ಟ, ಚಿಕ್ಕಬೆಟ್ಟಗಳೇ. ದೊಡ್ಡಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 3,347 ಅಡಿ ಎತ್ತರದಲ್ಲಿದ್ದರೂ ಸುತ್ತಲಿನ ಬಯಲೇ ಎತ್ತರದ ಪ್ರಸ್ಥಭೂಮಿಯಾದ್ದರಿಂದ ಯಾತ್ರಿಕರು ಏರಬೇಕಾದದ್ದು ಸುಮಾರು 470 ಅಡಿ. 6,300 ಅಡಿ ಮೀರಿದ ಮುಳ್ಳಯ್ಯನಗಿರಿಯ ಮುಂದೆ ಇದು ಗುಡ್ಡವೇ ಸರಿ. ಆದರೂ ಹತ್ತುವ ಹಾದಿಯನ್ನೇ ದರ್ಶನದ ಅಂಗವಾಗಿಸಿಕೊಂಡ ಬೆಟ್ಟ ಇಂಥದ್ದು ನಾಡಿನಲ್ಲಿ ವಿರಳ.

ಬೋಳು ಬಂಡೆಯ ಮೈಯಲ್ಲೇ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರಬೇಕು. ಮರದ ನೆರಳಿಲ್ಲದ ಕಲ್ಲು ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚಿನಂತಾಗುವುದರಿಂದ ಹಲವರು ಕಾಲುಚೀಲ ತೊಟ್ಟು, ಕಂಬಿ ಹಿಡಿದು ಹತ್ತುತ್ತಾರೆ. ಹತ್ತಲಾರದವರಿಗೆ ಡೋಲಿಯುಂಟು, ಬಿದಿರ ಗಳುವಿಗೆ ಕಟ್ಟಿದ ಬೆತ್ತದ ಕುರ್ಚಿಯನ್ನು ಆಳುಗಳು ಹೆಗಲ ಮೇಲೆ ಹೊತ್ತೊಯ್ಯುವ ಏರ್ಪಾಡು ಅದು. ಜೈನರಿಗೆ ಅಷ್ಟೇ ಪವಿತ್ರವಾದ ಗುಜರಾತಿನ ಗಿರ್ನಾರಿನಲ್ಲಿ ಮೆಟ್ಟಿಲುಗಳು ಹತ್ತು ಸಾವಿರದ ಹತ್ತಿರ ಇರುವುದರಿಂದ 2020ರ ಅಕ್ಟೋಬರಿನಲ್ಲಿ ಅಲ್ಲಿ ರೋಪ್‌ವೇ, ಅಂದರೆ ಉಕ್ಕಿನ ಹಗ್ಗದಲ್ಲಿ ತೂಗುತ್ತ ಸಾಗುವ ತೊಟ್ಟಿಲುಗಳ ಸಾಲು, ಆರಂಭವಾದದ್ದು ಸಹಜ. ಅಂಥ ತೊಟ್ಟಿಲು ದೊಡ್ಡಬೆಟ್ಟದಲ್ಲಿ ಮಂಡಿನೋವಿನವರಿಗೆ ಉಪಕಾರವಾದೀತು, ಆದರೆ ದಾರಿಯಲ್ಲಿ ಒಂದೊಂದಾಗಿ ಎದುರಾಗುವುದನ್ನೆಲ್ಲ ಹಾರಿಸಿಬಿಟ್ಟೀತು.

ಎದುರಾಗುವುದು ಕಡಿಮೆಯೇನಲ್ಲ. ಎತ್ತರದ ಜಗತಿಗೆ ಆನಿಸಿಟ್ಟ ಕಲ್ಲುಗಳಿಂದಲೇ ಹೆಸರು ಪಡೆದ ಒದೆಗಲ್ ಬಸದಿ, ಕೆಳಗೆ ಬಟ್ಟೆ ತೂರಿಸಬಹುದಿತ್ತೆಂದು ಜನ ಹೇಳುವ ತ್ಯಾಗದ ಬ್ರಹ್ಮದೇವರ ಕಂಬ, ಅದರಾಚೆ ಒಂದೇ ಬಂಡೆಯಲ್ಲಿ ಕೊರೆದು ಮೇಲೆ ಗಜಲಕ್ಷ್ಮಿಯನ್ನು ಕೂರಿಸಿದ ಅಖಂಡ ಬಾಗಿಲು. ನೆತ್ತಿಯಲ್ಲಿ ನಿಂತು ಹಲವು ಮೈಲಿ ದೂರದಿಂದ ತಲೆ, ಭುಜ ತೋರುವ ಗೊಮ್ಮಟ, ಅಂದರೆ ಬಾಹುಬಲಿ, ಹತ್ತಿರವಾದಂತೆ ಗೋಡೆಗಳ ಮರೆಯಾಗುತ್ತಾನೆ. ಆ ಗೋಡೆ, ಅಂದರೆ ಮೂರ್ತಿಯನ್ನು ಬಳಸಿದ ಸುತ್ತಾಲಯ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 12ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ 58 ಅಡಿಯ ಮೂರ್ತಿ ಹೀಗೆ ಬಾಗಿಲು ದಾಟಿದ ಮೇಲೆಯೇ ಪೂರ್ತಿಯಾಗಿ ಕಾಣುತ್ತದೆ: ಕಾಲ ಬಳಿ ಹುತ್ತ, ಅದರಿಂದ ಇಣುಕುವ ಹಾವು, ತೊಡೆ ತೋಳುಗಳನ್ನು ಸುತ್ತಿ ಏರಿದ ಮಾಧವಿ ಬಳ್ಳಿ.

ಮೂರ್ತಿಗೆ ಎದುರಾಗಿ, ಬಾಗಿಲ ಹೊರಗೆ, ಕೈಯಲ್ಲಿ ಕಾಯಿ ಹಿಡಿದ ಗುಳ್ಳೆಕಾಯಜ್ಜಿ ನಿಂತಿದ್ದಾಳೆ. ಅಭಿಷೇಕದಲ್ಲಿ ಚಾವುಂಡರಾಯನು ಎರೆದ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯದಿದ್ದಾಗ ಈ ಮುದುಕಿ ಗುಳ್ಳದ ಕಾಯಿಯಲ್ಲಿ ತಂದ ಹಾಲು ಪಾದವನ್ನೂ ದಾಟಿ ಬೆಟ್ಟದಿಂದಿಳಿದು ಹರಿಯಿತೆಂಬುದು ಸ್ಥಳದ ಐತಿಹ್ಯ.